ಅನಕಾಪಲ್ಲಿಯಿಂದ ಸೇವೆಗೆ ಹೊರಟವರು



ವಿಶಾಖಪಟ್ಟಣದ ಹತ್ತಿರದ ಅನಕಾಪಲ್ಲಿ ಬೆಲ್ಲದ ಮಂಡಿಗೆ ಹೆಸರಾದ ಊರು. ಭುವನೇಶ್ವರದಿಂದ ಬೆಂಗಳೂರಿಗೆ ಬರುವ ಪ್ರಶಾಂತಿ ಎಕ್ಸ್‌ಪ್ರೆಸ್ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನಿಲ್ಲುತ್ತದೆ. ಒಮ್ಮೊಮ್ಮೆ ಗುಂಪಾಗಿ ಹತ್ತುವವರಿರುತ್ತಾರೆ: ರೈತರು, ಮೇಷ್ಟ್ರು, ಅಂಗಡಿಯವರು, ಮನೆವಾರ್ತೆ ಸೊಸೆಗೆ ಒಪ್ಪಿಸಿ ಬಂದ ಅಮ್ಮಂದಿರು. ಸೀಟಿನ ಕೆಳಗೆ ಚಾಪೆ, ಹೊದಿಕೆ. ಕೈಯಲ್ಲಿ ಪುಳಿಹೋರದ ಡಬ್ಬಿ. ಹೊರಟಿದ್ದು ಪುಟ್ಟಪರ್ತಿಗೆ, ಸತ್ಯ ಸಾಯಿ ಸೇವಾದಳದ ಸರದಿಗೆ. ಟಿಕೆಟ್ಟಿನ ಖರ್ಚು ಅವರವರದೇ.

ಗೋದಾವರಿಯ ಸೇತುವೆ ಬಂದಾಗ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ನಾಣ್ಯ ಹಾಕಿ ಕೈಮುಗಿಯುತ್ತಾರೆ. ಕತ್ತಲಾದ ಮೇಲೆ ವಿಜಯವಾಡ, ಅಲ್ಲಿ ಕೃಷ್ಣೆ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಹೋದ ಹೊಳೆಯೇ ಅದು. ಗುಂಟೂರು, ನಲ್ಲಮಲ ಕಾಡು, ನಂದ್ಯಾಲ ನಿದ್ದೆಯಲ್ಲೇ ಕಳೆದುಹೋಗುತ್ತವೆ. ಬೆಳಿಗ್ಗೆ ಧರ್ಮಾವರ ದಾಟಿದರೆ ಇಳಿಯುವ ಜಾಗ.

ಬೇರೆ ಬೇರೆ ರಾಜ್ಯಗಳ ತಂಡಗಳು ಸರದಿಯಂತೆ ಪುಟ್ಟಪರ್ತಿಯ ಆಶ್ರಮ ಪ್ರಶಾಂತಿ ನಿಲಯಕ್ಕೆ ಬರುತ್ತವೆ. ಬಂದವರು ಇಂಥದ್ದೇ ಕೆಲಸ ಬೇಕೆಂದು ಕೇಳುವಂತಿಲ್ಲ. ಕೊರಳಿಗೆ ಸ್ಕಾರ್ಫ್ ಹಾಕಿಕೊಂಡು, ಹೇಳಿದಲ್ಲಿ ನಿಲ್ಲಬೇಕು. ಒಬ್ಬರ ಪಾಲಿಗೆ 1991ರಲ್ಲಿ ಆರಂಭವಾದ ಉಚಿತ ಚಿಕಿತ್ಸೆಯ ಆಸ್ಪತ್ರೆ ಬಂದರೆ, ಇನ್ನೊಬ್ಬರ ಪಾಲಿಗೆ ಅಡುಗೆಮನೆ. ಕಚೇರಿಯಲ್ಲಿ ಹತ್ತಾರು ಜನರಿಗೆ ಆಜ್ಞೆ ಮಾಡುತ್ತಿದ್ದವರು ಇಲ್ಲಿ ಬೆಳಗಿಡೀ ಕುಂಬಳಕಾಯಿ ಹೆಚ್ಚಬೇಕಾಗಬಹುದು. ಪಕ್ಕದಲ್ಲಿ ಕೂತು ಹೋಳುಗಳ ಗಾತ್ರ ತಿದ್ದುವವರು ಓದು ಬರದ ಅಜ್ಜಿಯಿರಬಹುದು. ನನಗೆ ಬಹಳ ಹಿಡಿಸಿದ್ದು ಇದೇ. ರಜೆ, ದುಡ್ಡು ಕೊಡುವುದು ಎಷ್ಟೋ ಸುಲಭ. ಇಷ್ಟಾನಿಷ್ಟವನ್ನು ಬಿಟ್ಟುಕೊಡುವುದು ಕಷ್ಟ.

ಹೀಗೆ ಸೇವೆಗೆಂದು ರೈಲು ಹತ್ತುವವರು ಬೇರೆಡೆಯೂ ಉಂಟು. ಥಾಯ್ಲೆಂಡಿನಲ್ಲಿ ಬ್ಯಾಂಕಾಕಿನಿಂದ ರಾತ್ರಿ ರೈಲು ಹಿಡಿದು ಚಿಯಾಂಗ್ ಮಾಯ್‌ಗೆ ಹೋಗಿ ಆನೆಗಳ ಆರೈಕೆ ಮಾಡುವ, ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪರದೇಶದ ತರುಣರಿದ್ದಾರೆ. ಅವರ ಮನಸ್ಸೂ ಒಳ್ಳೆಯದೇ. ಆದರೆ ಎಷ್ಟೋ ಮಂದಿ ಶುಲ್ಕ ಕಟ್ಟಿ, ಮಾಡುವ ಸೇವೆಯನ್ನೂ ಮೊದಲೇ ಆರಿಸಿಕೊಂಡು ಹೊರಡುತ್ತಾರೆ. ಆನೆ ಮೀಯಿಸಲು ಬರುವಷ್ಟು ಹುರುಪಿನಿಂದ ಅನ್ನದ ಹಂಡೆ ತಿಕ್ಕಲು ಎಷ್ಟು ಜನ ಬಂದಾರು? ಆರಿಸಿಕೊಳ್ಳದ, ಹೆಸರು ಬಯಸದ ಸೇವೆಯನ್ನು ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನೋಡಿ: ಹಳ್ಳಿಹಳ್ಳಿಗಳವರು ರೊಟ್ಟಿ ತಟ್ಟಿ, ಗಾಡಿಯಲ್ಲಿ ಹೇರಿಕೊಂಡು ಬಂದು ದಾಸೋಹಕ್ಕೆ ಒಪ್ಪಿಸುತ್ತಾರೆ. ಅಷ್ಟು ರೊಟ್ಟಿಯಲ್ಲಿ ಯಾವುದು ಯಾರ ಮನೆಯದೆಂದು ಉಂಡವರಿಗೆ ತಿಳಿಯುವುದಿಲ್ಲ, ತಟ್ಟಿದವರು ಕೇಳುವುದೂ ಇಲ್ಲ.

ಬೆಂಗಳೂರಿನಿಂದ ಇದೇ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಆಂಧ್ರಕ್ಕೆ ಹೋಗುವ ನಮ್ಮವರು ಬಹಳ. ಸರದಿ ಮುಗಿಸಿದವರು ಪುಟ್ಟಪರ್ತಿಯ ನಿಲ್ದಾಣದಲ್ಲಿ ಹತ್ತುತ್ತಾರೆ. ದಿನವಿಡೀ ನಿಂತು ದುಡಿದ ಕಾಲುಗಳು ಅವು. ಅವರಲ್ಲಿ ವಯಸ್ಸಾದವರಿಗೆ ಮೇಲಿನ ಬರ್ತ್ ಬಂದಿದ್ದರೆ, ದಯವಿಟ್ಟು ನಿಮ್ಮ ಕೆಳಗಿನ ಬರ್ತ್ ಬಿಟ್ಟುಕೊಡಿ.