ಮನೆಯೊಳಗಿನ ಜೀತ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಜೀತ ಅಂದ ಕೂಡಲೇ ನಮ್ಮ ಕಣ್ಣಿಗೆ ಗೌಡನ ಕೊಟ್ಟಿಗೆ ಕಾಣುತ್ತದೆ. ಆ ಜೀತವನ್ನು 1976ರ ಕಾಯಿದೆ ರದ್ದು ಮಾಡಿತು. ಆದರೆ ನಮ್ಮದೇ ಗುಡಿಸಲೊಳಗೆ ನಡೆಯುವ ಒಂದು ಜೀತಕ್ಕೆ ನಾವಿನ್ನೂ ಹೆಸರೇ ಇಟ್ಟಿಲ್ಲ. ಇವತ್ತು ಅದರ ಮಾತಾಡೋಣ.

ನಮ್ಮ ಜನರಲ್ಲಿ ಕೂಡಾವಳಿ ಉಂಟು. ಉತ್ತರದ ಕಡೆ ಉಡಿಕೆ ಅಂತಾರೆ. ಗಂಡ ಸತ್ತವಳು, ಗಂಡ ಬಿಟ್ಟವಳು ಇನ್ನೊಬ್ಬನ ಜೊತೆ ಬಾಳ್ವೆ ಮಾಡಬಹುದು. ತಲೆ ಬೋಳಿಸಿ ಮೂಲೆಗೆ ಕೂರಿಸಿದ ಅಗ್ರಹಾರದ ನೀತಿಗಿಂತ ಇದು ಎಷ್ಟೋ ದೊಡ್ಡದು. ಇದನ್ನು ತಲೆಯೆತ್ತಿ ಹೇಳ್ತೀವಿ, ಹೇಳಬೇಕಾದ್ದೇ. ಆದರೆ ಆ ಹೆಣ್ಣು ಹೊಸಿಲು ದಾಟಿ ಒಳಗೆ ಬಂದ ಮೇಲೆ ಏನಾಯ್ತು ಅಂತ ಯಾರು ಕೇಳ್ತಾರೆ?

ಹೆಂಡತಿ ಸತ್ತವನೊಬ್ಬ, ಮೂರು ಮಕ್ಕಳು. "ಮಕ್ಕಳಿಗೆ ಗಂಜಿ ಕಾಯಿಸೋರಿಲ್ಲ" ಅಂತ ಅವಳನ್ನು ಕರೆತರುತ್ತಾನೆ. ಅವಳು ಕೋಳಿ ಕೂಗೋ ಹೊತ್ತಿಗೆ ಎದ್ದು ಮುದ್ದೆ ತಿರುವಿ, ಆ ಮಕ್ಕಳ ಮೂಗು ಒರೆಸಿ, ತಲೆ ಬಾಚಿ, ಸ್ಕೂಲಿಗೆ ಕಳಿಸಿ, ಕೂಲಿಗೆ ಹೋಗುತ್ತಾಳೆ. ಸಂಜೆ ಕೂಲಿ ದುಡ್ಡು ಅವನ ಕೈಗೆ. ಎಲೆಅಡಿಕೆಗೂ ಅವನನ್ನೇ ಕೇಳಬೇಕು. ತವರಿಗೆ ಹೋಗಲು ಅಪ್ಪಣೆ ಬೇಕು. ನಲ್ಲಿ ಹತ್ತಿರ ತಡವಾದರೆ "ಯಾರ ಜೊತೆ ನಿಂತಿದ್ದೆ?" ಹೊಡೆದರೆ ಮಾತ್ರ ಹಿಂಸೆ ಅಂತ ಊರು ತಿಳಿದಿದೆ. ಅವನು ಕೈ ಎತ್ತದೆಯೂ ಇರಬಹುದು. ಎತ್ತುವ ಅಗತ್ಯವೇ ಇಲ್ಲ. ಯಾಕಂದ್ರೆ ಅವನ ಹತ್ತಿರ ಮಕ್ಕಳಿದ್ದಾರೆ.

ಮಗು ಅತ್ತರೆ, "ನೀನು ಮಲತಾಯಿ, ಅದಕ್ಕೇ." ಮಗುವನ್ನು ಗದರಿದರೆ, "ನನ್ನ ಮಕ್ಕಳನ್ನ ಕೇಳೋಕೆ ನೀನ್ಯಾರು?" ಸಾಕಾಗಿ ಬಟ್ಟೆ ಗಂಟು ಕಟ್ಟಿದರೆ, "ಹೋಗು, ಇವುಗಳನ್ನ ಬೀದಿಗೆ ಬಿಟ್ಟು ಹೋಗು." ದುಡಿಯೋಕೆ ತಾಯಿ, ಮಾತಾಡೋಕೆ ಹೊರಗಿನವಳು. ಸೆರಗು ಹಿಡಿದ ಆ ಪುಟ್ಟ ಕೈಯನ್ನೇ ಅವನು ಹಗ್ಗ ಮಾಡಿಕೊಂಡಿದ್ದಾನೆ.

ಕಾನೂನೂ ಅವಳನ್ನು ಹೊರಗೇ ನಿಲ್ಲಿಸಿದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯಿದೆಯ ಪ್ರಕಾರ ಸಹಜ ಪೋಷಕರ ಲೆಕ್ಕದಲ್ಲಿ 'ತಾಯಿ' ಅಂದರೆ ಮಲತಾಯಿ ಸೇರುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಚಿಕ್ಕವ್ವಂದಿರ ಕೈತುತ್ತು ತಿಂದು ಈ ಹಾಸ್ಟೆಲ್ ಸೇರಿದವರು. ಅರ್ಜಿ ಫಾರಮ್ಮಿನ 'ತಾಯಿಯ ಹೆಸರು' ಅನ್ನೋ ಗೆರೆ ಮೇಲೆ ಅವಳಿಲ್ಲ.

"ಮನೆ ಮಾತು ಬೀದಿಗೆ ತಂದರೆ ಮೇಲ್ಜಾತಿಯವರು ನಗ್ತಾರೆ, ಚಳವಳಿ ಒಡೆಯುತ್ತೆ" ಅನ್ನುವವರಿದ್ದಾರೆ. ಅವರಿಗೆ ಒಂದು ನೆನಪು. 1942ರಲ್ಲಿ ನಾಗಪುರದ ದಲಿತ ಮಹಿಳೆಯರ ಸಮ್ಮೇಳನದಲ್ಲಿ ಬಾಬಾಸಾಹೇಬರು ಹೇಳಿದ್ದು, ಹೆಂಡತಿ ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಬೇಕು, ಗುಲಾಮಳಾಗಬಾರದು ಅಂತ. 1951ರಲ್ಲಿ ಅವರು ಮಂತ್ರಿ ಪದವಿ ಬಿಟ್ಟ ಕಾರಣಗಳಲ್ಲಿ ಹಿಂದೂ ಕೋಡ್ ಬಿಲ್ಲೂ ಒಂದು. ಹಗಲೆಲ್ಲ ಗೌಡನ ಬೈಗುಳ ತಿಂದವನು ರಾತ್ರಿ ಮನೆಯಲ್ಲಿ ಗೌಡನಾಗುತ್ತಾನೆ. ಅವನ ನೋವು ನಮಗೆ ಗೊತ್ತು. ಆದರೆ ಅದು ಅವಳು ತೀರಿಸಬೇಕಾದ ಸಾಲವಲ್ಲ.

ಹಾಗಾದರೆ ಏನು ಮಾಡೋದು?

ಮೊದಲು ಕಾನೂನು ತಿಳಿಯೋಣ. 2005ರ ಕೌಟುಂಬಿಕ ಹಿಂಸೆಯ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೀನಾಯವಾಗಿ ಬೈಯೋದು, ಕೂಲಿ ಕಿತ್ತುಕೊಳ್ಳೋದು, ಮನೆಯಿಂದ ಹೊರಗೆ ಹಾಕೋದು, ಎಲ್ಲವೂ ಅದರಲ್ಲಿ ಹಿಂಸೆಯೇ. ತಾಳಿಯೇ ಬೇಕೆಂದಿಲ್ಲ, ಮದುವೆಯಂಥ ಸಂಬಂಧವಿದ್ದರೂ ಕೇಳಬಹುದು. ಆದರೆ ಇಬ್ಬರಿಗೂ ಮದುವೆಯಾಗುವ ಅರ್ಹತೆ ಇರಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವನ ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನ ಆಗದಿದ್ದರೆ, ಇಲ್ಲವೇ ಅವಳ ಹಿಂದಿನ ಮದುವೆ ಬಿಡುಗಡೆಯಾಗದಿದ್ದರೆ, ಬಾಗಿಲು ಕಿರಿದು. ಆಗ ವಕೀಲರನ್ನು ಕೇಳಲೇಬೇಕು. ಹೆಂಗಸರಿಗೂ ಪರಿಶಿಷ್ಟರಿಗೂ 1987ರ ಕಾಯಿದೆಯಂತೆ ವಕೀಲರು ಪುಕ್ಕಟೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯಿದೆಯ ರಕ್ಷಣಾಧಿಕಾರಿ. ಫೋನಿಗೆ 181. ಅರುವತ್ತು ದಿನದೊಳಗೆ ಅರ್ಜಿ ಮುಗಿಸಲು ಕೋರ್ಟು ಪ್ರಯತ್ನಿಸಬೇಕು ಅಂತ ಬರೆದಿದೆ. ಬರೆದದ್ದು ನಡೆಯಬೇಕಾದರೆ ಅವಳ ಜೊತೆ ನಾಲ್ಕು ಜನ ನಿಲ್ಲಬೇಕು.

ಆ ನಾಲ್ಕು ಜನ ನಾವಾಗಬೇಕು. ರಜೆಗೆ ಊರಿಗೆ ಹೋದಾಗ ಅವಳ ಹೆಸರಲ್ಲಿ ಬ್ಯಾಂಕಿನ ಪಾಸ್‌ಬುಕ್ ಮಾಡಿಸೋಣ, ಅದು ಅವಳ ಹತ್ತಿರವೇ ಇರಲಿ. ಕೇರಿಯ ನ್ಯಾಯದಲ್ಲಿ ಅಪ್ಪನ ಪಕ್ಕ ಬಾಯಿ ಮುಚ್ಚಿ ಕೂರೋದು ಬೇಡ, ಕಂಡದ್ದನ್ನು ಹೇಳೋಣ.

ಇನ್ನೊಂದು ಕೆಲಸವಿದೆ, ಅದನ್ನು ಯಾವ ಕೋರ್ಟೂ ಮಾಡಲಾರದು. ಅವಳನ್ನು ಕಟ್ಟಿದ ಹಗ್ಗ ನಾವೇ ಅಲ್ಲವೇ? ಬೆಳೆದು ನಿಂತ ಮಕ್ಕಳು ಅವಳೆದುರು ಕೂತು ಹೇಳಬೇಕು: "ಚಿಕ್ಕವ್ವ, ಇರೋದಾದರೆ ಮರ್ಯಾದೆಯಿಂದ ಇರು, ನಾವಿದ್ದೀವಿ. ಹೋಗೋದಾದರೆ ನಮ್ಮ ಚಿಂತೆ ಬಿಡು. ತಮ್ಮ ತಂಗೀರನ್ನ ನಾವು ನೋಡ್ಕೋತೀವಿ. ನೀನೆಲ್ಲಿದ್ರೂ ಬಂದು ನಿನ್ನ ಕೈಯ ಮುದ್ದೆ ಉಣ್ತೀವಿ."

ಇಷ್ಟು ಹೇಳಲಾರದ ನಾವು ಗೌಡನ ಎದುರು ಕೂಗುವ ಘೋಷಣೆಗೆ ಎಷ್ಟು ಬಲವಿದ್ದೀತು, ನೀವೇ ಯೋಚಿಸಿ. ನಾಳೆ ನಮಗೂ ಮನೆ, ಸಂಸಾರ ಆಗುತ್ತೆ. ನಮ್ಮ ಮನೆಗೆ ಬರುವವಳ ಕೂಲಿ ಅವಳ ಕೈಯಲ್ಲೇ ಇರಲಿ, ಅವಳ ಮಾತು ನಡುಮನೆಯಲ್ಲಿ ನಡೆಯಲಿ.

ಜೈ ಭೀಮ್.