ಎದೆ ಆಪರೇಷನ್ ಆದವರಿಗೆ ಜ್ವರ ಬಂದಾಗ: ಹಳೇ ರಿಪೋರ್ಟ್ ಎಲ್ಲಿ?



ಮಳೆ ಬಿತ್ತು, ಶೇಂಗಾ ಹೊಲ ಹಸಿರಾಯ್ತು, ಬೆನ್ನ ಹಿಂದೆಯೇ ಜ್ವರವೂ ಬಂತು. ನಾಯಕನಹಟ್ಟಿ, ತಳಕು, ಪರಶುರಾಂಪುರ, ಆಚೆ ಕೊಂಡ್ಲಹಳ್ಳಿ, ರಾಂಪುರದವರೆಗೂ ಮನೆಗೊಬ್ಬರು ಕಂಬಳಿ ಹೊದ್ದು ಮಲಗಿದ್ದಾರೆ. ಕೆಲವರದು ಡೆಂಗಿ, ಕೆಲವರದು ಕೀಲು ಹಿಡಿದು ಎದ್ದೇಳಲು ಬಿಡದ ಚಿಕುನ್‌ಗುನ್ಯಾ, ಉಳಿದವರದು ಯಾವುದೋ ವೈರಲ್. ತೊಟ್ಟಿ, ಡ್ರಮ್ಮು, ಸೊಳ್ಳೆಯ ಮಾತನ್ನು ಆಶಾ ಅಕ್ಕಂದಿರು ಹೇಳಿ ಹೇಳಿ ನಿಮಗೆ ಬಾಯಿಪಾಠವಾಗಿದೆ. ನಾನು ಅದನ್ನು ಹೇಳಲು ಬಂದಿಲ್ಲ. ಎದೆಯ ನಡುವೆ ಉದ್ದಕ್ಕೆ ಗಾಯದ ಗೆರೆ ಇರುವವರ ಜೊತೆ ಮಾತಾಡಬೇಕಿದೆ. ಬೈಪಾಸ್ ಆದವರು, ವಾಲ್ವ್ ಹಾಕಿಸಿಕೊಂಡವರು, ಚಿಕ್ಕಂದಿನಲ್ಲೇ ಹೃದಯದ ರಂಧ್ರ ಮುಚ್ಚಿಸಿಕೊಂಡವರು, ಅವರ ಮನೆಯವರು ಸ್ವಲ್ಪ ರೇಡಿಯೋ ಹತ್ತಿರ ಬನ್ನಿ.

ಈ ಜ್ವರದ ದಿನಗಳಲ್ಲಿ ನನ್ನ ಮುಂದೆ ಬಂದು ಕೂರುವ ಹೃದಯದ ರೋಗಿಗಳ ಕೈಯಲ್ಲಿ ಒಂದೇ ಒಂದು ಹಾಳೆ ಇರುತ್ತೆ. ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ಕೊಟ್ಟ ರಿಪೋರ್ಟು. "ಹಳೇದು ಎಲ್ಲಿ ಯಜಮಾನ್ರೇ?" ಅಂದರೆ ಮುಖ ಮುಖ ನೋಡ್ತಾರೆ. ಪೆಟ್ಟಿಗೇಲಿದೆ. ಮಗನ ಹತ್ರ ಇದೆ, ಮಗ ಬೆಂಗಳೂರಲ್ಲಿದಾನೆ. ಸೋರೋ ಮನೆ, ನೆನೆದು ಹೋಯ್ತು. ಎಲ್ಲಾ ವಾಸಿ ಆಯ್ತಲ್ಲ, ಇನ್ಯಾಕೆ ಅಂತ ಒಲೆಗೆ ಹಾಕಿದೆ. ಅಲ್ಲಪ್ಪಾ, ತಾತನ ಕಾಲದ ಖಾತೆ ಪತ್ರ, ಪಹಣಿ ಎಲ್ಲಾನೂ ಬಟ್ಟೆ ಸುತ್ತಿ ಜೋಪಾನ ಮಾಡಿದೀರಿ. ಎದೆಮೂಳೆ ಸೀಳಿಸಿಕೊಂಡು, ಸಾಲ ಮಾಡಿ, ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ತಂದ ಕಾಗದಕ್ಕೆ ಒಂದು ಪ್ಲಾಸ್ಟಿಕ್ ಕವರ್ ಸಿಗಲಿಲ್ಲವೇ?

ಸಿಟ್ಟಲ್ಲ, ಸಂಕಟಕ್ಕೆ ಹೇಳ್ತಿದೀನಿ. ರಕ್ತದ ಪರೀಕ್ಷೆಯ ಒಂದು ಅಂಕಿ ತಾನಾಗಿ ಏನನ್ನೂ ಹೇಳಲ್ಲ. ನಿಮ್ಮ ಬೋರ್‌ವೆಲ್ಲಿನಲ್ಲಿ ನೀರು 400 ಅಡಿಗೆ ಸಿಗ್ತಿದೆ ಅಂದರೆ ನಾನು ಖುಷಿಪಡಲೋ ಹೆದರಲೋ? ಹೋದ ವರ್ಷ 200 ಅಡಿಗೆ ಇತ್ತಾ, 600ಕ್ಕೆ ಇತ್ತಾ, ಅದು ಗೊತ್ತಾಗಬೇಕು. ಆಪರೇಷನ್ ಆದವರ ರಕ್ತವೂ ಹಾಗೇ. ತೊಂದರೆ ಮುಂದೆ ಬರುತ್ತಾ ಇಲ್ಲವಾ ಅಂತ ಮೊದಲೇ ಸುಳಿವು ಕೊಡುವ ಅಂಶಗಳು ರಕ್ತದಲ್ಲಿವೆ: ಕಿಡ್ನಿಗೆ ಕ್ರಿಯಾಟಿನಿನ್, ಹೃದಯದ ಮಾಂಸಕ್ಕೆ ಪೆಟ್ಟು ಬಿದ್ದರೆ ಟ್ರೋಪೋನಿನ್, ಹೃದಯ ಭಾರ ತಾಳದೆ ಸೊರಗಿದರೆ ಎನ್‌ಟಿ ಪ್ರೋ ಬಿಎನ್‌ಪಿ, ಸೋಂಕಿಗೆ ಸಿಆರ್‌ಪಿ, ವಾಲ್ವಿನವರಿಗೆ ರಕ್ತ ಎಷ್ಟು ತೆಳುವಾಗಿದೆ ಅಂತ ಹೇಳೋ ಐಎನ್‌ಆರ್. ಇವೆಲ್ಲ ಏರಿತಾ, ಇಳಿತಾ ಅನ್ನೋದರಲ್ಲಿ ಮಾತಾಡುತ್ವೆ.

ಮೊಳಕಾಲ್ಮೂರು ಕಡೆಯ ಒಬ್ಬ ಹೆಣ್ಣುಮಗಳು, ಮಗ್ಗದ ಕೆಲಸ, ವಯಸ್ಸು ಮೂವತ್ತೂ ದಾಟಿಲ್ಲ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಅನ್ನೋ ಕೀಲುಜ್ವರದಿಂದ ವಾಲ್ವ್ ಕೆಟ್ಟು, ಆಪರೇಷನ್ ಆಗಿತ್ತು. ಚಿಕುನ್‌ಗುನ್ಯಾ ಬಂದು ಬೆರಳು ಮಡಚಲಾಗದೆ, ನೂಲು ಹಿಡಿಯಲಾಗದೆ, ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ವಾರಗಟ್ಟಲೆ ನುಂಗಿದ್ದಾಳೆ. ಕ್ರಿಯಾಟಿನಿನ್ 1.1 ಬಂದಿತ್ತು. ಪಕ್ಕದಲ್ಲಿ ಚುಕ್ಕಿಯಿಲ್ಲ, ದಪ್ಪಕ್ಷರವಿಲ್ಲ, ಲ್ಯಾಬಿನ ಲೆಕ್ಕದಲ್ಲಿ ನಾರ್ಮಲ್. "ಎಲ್ಲಾ ಸರಿಯಿದೆ ಅಂದ್ರು ಸಾರ್" ಅಂತ ಎದ್ದು ಹೊರಟವಳನ್ನು ಅವಳ ಅತ್ತೆ ತಡೆದು, ಸೊಂಟದ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಡಿಸ್ಚಾರ್ಜ್ ಸಮ್ಮರಿ ತೆಗೆದು ಮೇಜಿನ ಮೇಲೆ ಇಟ್ಟರು. ಅದರಲ್ಲಿ 0.5 ಅಂತಿತ್ತು. ಎರಡು ಪಟ್ಟಿಗೂ ಮೀರಿ ಏರಿದೆ! ಇದು ಕಿಡ್ನಿಗೆ ಬಿದ್ದ ಪೆಟ್ಟು. 48 ಗಂಟೆಯಲ್ಲಿ 0.3 ಏರಿದರೂ, ಇಲ್ಲವೇ ವಾರದಲ್ಲಿ ಒಂದೂವರೆ ಪಟ್ಟಾದರೂ ಕಿಡ್ನಿಗೆ ಹೊಡೆತ ಅಂತ ಲೆಕ್ಕ ಹಿಡೀಬೇಕು ಎಂಬುದು 2012ರಿಂದ ಜಗತ್ತಿನ ವೈದ್ಯರೆಲ್ಲ ಒಪ್ಪಿರುವ ಅಳತೆ. ನೋವಿನ ಮಾತ್ರೆ ನಿಲ್ಲಿಸಿದೆವು, ನೀರು ಸರಿಮಾಡಿದೆವು, ಇಳಿಯಿತು. ಆ ಅತ್ತೆಗೆ ಓದು ಬರಲ್ಲ. ಕಾಗದ ಬಿಸಾಡಬಾರದು ಅನ್ನೋದು ಗೊತ್ತಿತ್ತು.

ಇದಕ್ಕೆ ತದ್ವಿರುದ್ಧ ಇನ್ನೊಬ್ಬರು. ನಾಯಕನಹಟ್ಟಿ ಹತ್ತಿರದ ಗೊಲ್ಲರಹಟ್ಟಿಯ ಕುರಿಗಾರರು, ಬೈಪಾಸ್ ಆದವರು. ಅವರನ್ನು ನೋಡಲು ಹೊಲದ ಮಂದೆಗೇ ಹೋಗಿದ್ದೆ. ನನ್ನನ್ನು ಕಂಡ ಕೂಡಲೇ ತಮ್ಮ ಎದೆಯ ಮಾತೇ ಬಿಟ್ಟು, "ಡಾಕ್ಟ್ರೇ, ಈ ನೀಲಿನಾಲಿಗೆ ರೋಗಕ್ಕೆ ಏನು ಮಾಡೋದು" ಅಂತ ಬಾಯಿ ಊದಿಕೊಂಡ ಒಂದು ಟಗರನ್ನು ಎಳೆದು ತಂದರು. ನಾನು ಕುರಿ ಡಾಕ್ಟರಲ್ಲ ಅಂದರೂ ಬಿಡಲಿಲ್ಲ. ಯಾವ ಕುರಿಗೆ ಯಾವಾಗ ಲಸಿಕೆ ಹಾಕಿಸಿದ್ದು, ಯಾವುದು ಯಾವ ಮಳೆಗೆ ಮರಿ ಹಾಕಿದ್ದು, ಎಲ್ಲಾ ಬಾಯಲ್ಲೇ. ಅರ್ಧ ಗಂಟೆ ಅದೇ ಮಾತು. ಕೊನೆಗೆ ಹೆಗಲ ಕಂಬಳಿಯ ಗಂಟು ಬಿಚ್ಚಿ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ರಿಪೋರ್ಟುಗಳನ್ನು ತೆಗೆದರು, ತಾರೀಖಿನ ಸಾಲಿಗೆ ಜೋಡಿಸಿದ್ದು. ಜ್ವರಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.6, ಪಕ್ಕದಲ್ಲಿ ದೊಡ್ಡ ಚುಕ್ಕಿ. "ಕಿಡ್ನಿ ಹೋಯ್ತು, ಬೆಂಗಳೂರಿಗೆ ಹೊರಡಿ" ಅಂತ ಯಾರೋ ಹೆದರಿಸಿದ್ದರು. ಡಿಸ್ಚಾರ್ಜ್ ದಿನದ್ದು ನೋಡಿದರೆ 1.5, ಆರು ತಿಂಗಳ ಹಿಂದಿನದು 1.6. ಅವರ ಮಟ್ಟವೇ ಅದು. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡೋಣ ಅಂದೆ, ಕುರಿ ಮಾರಿ ಬೆಂಗಳೂರಿಗೆ ಹೋಗೋದು ತಪ್ಪಿತು.

ಟ್ರೋಪೋನಿನ್ ಬಗ್ಗೆ ಎರಡೇ ಮಾತು. 2025ರ ಜುಲೈನಲ್ಲಿ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸಾವಿನ ಸುದ್ದಿ ಹರಡಿ, ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದ್ದು ನೆನಪಿರಬಹುದು. ಆಗಿನಿಂದ ಟ್ರೋಪೋನಿನ್ ಅನ್ನೋ ಹೆಸರು ಹಳ್ಳಿಯವರ ಬಾಯಲ್ಲೂ ಇದೆ. ಹಾಗಾಗಿ ಆಪರೇಷನ್ ವಾರದ ರಿಪೋರ್ಟಿನಲ್ಲಿ ಅದು ನೂರಾರು ಪಟ್ಟು ಇರೋದನ್ನು ಮನೆಯವರು ಮೊಬೈಲಲ್ಲಿ ನೋಡಿ ಗಾಬರಿ ಬೀಳ್ತಾರೆ. ಹೃದಯವನ್ನೇ ಕೊಯ್ದು ಹೊಲಿದ ಮೇಲೆ ಅದು ಏರಲೇಬೇಕು. 12 ದೇಶಗಳ 24 ಆಸ್ಪತ್ರೆಗಳಲ್ಲಿ 13,862 ರೋಗಿಗಳನ್ನು ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬೈಪಾಸ್ ಅಥವಾ ಮಹಾಪಧಮನಿಯ ವಾಲ್ವ್ ಬದಲಾಯಿಸಿದ ಮೊದಲ ದಿನ, ಸಾಮಾನ್ಯ ಮಿತಿಯ ಸುಮಾರು 218 ಪಟ್ಟು ದಾಟಿದಾಗ ಮಾತ್ರ ತಿಂಗಳೊಳಗಿನ ಸಾವಿನ ಅಪಾಯ ಏರೋದು ಕಂಡಿತು. ಆ ಅಂಕಿ ಐಸಿಯು ವೈದ್ಯರ ಕೆಲಸಕ್ಕೆ, ಮನೆಯವರು ಅಳೋದಕ್ಕಲ್ಲ. ಆದರೆ ಊರಿಗೆ ಬಂದು ತಿಂಗಳುಗಳಾದ ಮೇಲೆ ಎದೆ ಹಿಡಿದರೆ, ಬೆವರು ಬಂದರೆ, ರಿಪೋರ್ಟು ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನು ಮಾಡಿ, ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಹಳೇ ಇಸಿಜಿ ಕೈಗೆ ಸಿಕ್ಕರೆ ಚೀಲಕ್ಕೆ ಹಾಕಿಕೊಳ್ಳಿ.

ಈಗ ವಾಲ್ವಿನವರು. ನೀವು ಕಿವಿಗೊಟ್ಟು ಕೇಳಬೇಕು. ಕೆಲವರ ಎದೆಯಲ್ಲಿರೋದು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿ ರೋಗಿಗೆ ಕೂರಿಸಿದ ನಮ್ಮದೇ ದೇಶದ ವಾಲ್ವು, ಕೆಲವರದು ಹೊರದೇಶದ್ದು. ಯಾವುದಾದರೂ ಸರಿ, ಜ್ವರ ಎರಡು ದಿನ ದಾಟಿದರೆ ನಿಮ್ಮದನ್ನು "ಊರಿಗೆಲ್ಲ ಬಂದಿರೋ ವೈರಲ್" ಅಂತ ಬಿಡುವಂತಿಲ್ಲ. ವಾಲ್ವಿನ ಮೇಲೆ ಸೋಂಕು ಕೂತಿರಬಹುದು. ಅದನ್ನು ಹಿಡಿಯೋ ಪರೀಕ್ಷೆ ಬ್ಲಡ್ ಕಲ್ಚರ್. ಆಂಟಿಬಯಾಟಿಕ್ ಸೂಜಿ ಹಾಕಿಸಿಕೊಂಡ ಮೇಲೆ ಕಲ್ಚರ್ ಮಾಡಿದರೆ ಕ್ರಿಮಿ ಸಿಗದೇ ಹೋಗಬಹುದು. ಹಾಗಾಗಿ ಮೊದಲು ಕಲ್ಚರಿಗೆ ರಕ್ತ, ಆಮೇಲೆ ಸೂಜಿ. ಊರ ಡಾಕ್ಟರ ಮುಂದೆ ಕೂತ ಕೂಡಲೇ "ನನಗೆ ವಾಲ್ವ್ ಹಾಕಿದೆ" ಅನ್ನೋ ಮಾತು ಮೊದಲು ಬರಬೇಕು, ಜ್ವರದ ಮಾತು ಎರಡನೇದು. ಸಿಆರ್‌ಪಿ ಮಾಡಿಸಿದರೆ ಅದರ ಹಾಳೆಯನ್ನೂ ಎಸೆಯಬೇಡಿ. ಮೂರು ದಿನದ ನಂತರ ಇನ್ನೊಂದು ಮಾಡಿಸಿ ಪಕ್ಕದಲ್ಲಿಟ್ಟಾಗಲೇ ಸೋಂಕು ಬಗ್ಗಿತಾ ಅನ್ನೋದು ತಿಳಿಯೋದು.

ಐಎನ್‌ಆರ್ ಅಂತೂ ಜ್ವರದಲ್ಲಿ ಕೈಗೆ ಸಿಗಲ್ಲ. ಊಟ ಬಿಟ್ಟಿರ್ತೀರಿ, ಆಂಟಿಬಯಾಟಿಕ್ ನುಂಗಿರ್ತೀರಿ, ಭೇದಿ ಆಗಿರುತ್ತೆ, ಇವೆಲ್ಲ ಅದನ್ನು ಏರಿಸುತ್ತವೆ. ನಾಲ್ಕೈದು ದಿನ ಬಿಡದೆ ಪ್ಯಾರಾಸಿಟಮಾಲ್ ನುಂಗಿದರೆ ಅದೂ ಏರಿಸುತ್ತೆ. ಜ್ವರ ಬಂದ ಮೂರನೇ ದಿನಕ್ಕೆ ಐಎನ್‌ಆರ್ ಮಾಡಿಸಿ, ಜ್ವರ ಬಿಟ್ಟ ವಾರಕ್ಕೆ ಇನ್ನೊಮ್ಮೆ. ನಿಮ್ಮದು ಎಷ್ಟಿರಬೇಕು ಅನ್ನೋದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುತ್ತೆ. ಮಿಟ್ರಲ್ ಜಾಗದ ಲೋಹದ ವಾಲ್ವಿಗೆ ಸಾಮಾನ್ಯವಾಗಿ 2.5ರಿಂದ 3.5. ಪಕ್ಕದ ಮನೆಯವರದು 2 ಅಂತ ನಿಮ್ಮದನ್ನು 2ಕ್ಕೆ ತರೋ ಸಾಹಸ ಬೇಡ. ಪ್ಲೇಟ್‌ಲೆಟ್ ಇಳೀತು ಅಂತ ಯಾರೋ ಹೇಳಿದ ಮಾತಿಗೆ ರಕ್ತ ತೆಳುವಾಗಿಸೋ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಸಂಚಕಾರ. ಪ್ಲೇಟ್‌ಲೆಟ್ ಹಾಳೆ, ಐಎನ್‌ಆರ್ ಹಾಳೆ ಎರಡನ್ನೂ ಹಿಡಿದು ಅವತ್ತೇ ಆಸ್ಪತ್ರೆಗೆ ಹೋಗಿ, ನಿಲ್ಲಿಸೋದೋ ಮುಂದುವರಿಸೋದೋ ಅವರು ಹೇಳಲಿ. ಪಪ್ಪಾಯಿ ಎಲೆ ರಸ, ಕಷಾಯ ಕುಡಿದಿದ್ದರೆ ನಾಚಿಕೆ ಬಿಟ್ಟು ಹೇಳಿ. ಒಸಡಲ್ಲಿ ರಕ್ತ, ಕಪ್ಪು ಮಲ, ಹೊಡೆತ ಬೀಳದೇ ಚರ್ಮ ಕಪ್ಪುಗಟ್ಟೋದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ಬೈಪಾಸ್ ಆದವರು ನೋವಿನ ಸೂಜಿಯಿಂದ ದೂರ ಇರಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಹೃದಯಕ್ಕೂ ಬೇಡ, ಕಿಡ್ನಿಗೂ ಬೇಡ, ಡೆಂಗಿಯಲ್ಲಂತೂ ಮೊದಲೇ ಬೇಡ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆರು ಗಂಟೆಗೆ ಒಂದು. ವಾಂತಿ ಭೇದಿ ಇದ್ದರೆ ನೀರು ಹೋಗೋ ಮಾತ್ರೆ, ಬಿಪಿ ಮಾತ್ರೆಯ ವಿಷಯ ಅವತ್ತೇ ಡಾಕ್ಟರನ್ನು ಕೇಳಿ.

ಇನ್ನು ಆ ಗ್ಲೂಕೋಸ್ ಬಾಟ್ಲಿ ಚಟ! ಸುಸ್ತು ಅಂದರೆ ಬಾಟ್ಲಿ ಏರಿಸಿ, ತಲೆ ತಿರುಗಿದರೆ ಇನ್ನೊಂದು ಬಾಟ್ಲಿ. ಸೊರಗಿದ ಹೃದಯಕ್ಕೆ ಎರಡು ಬಾಟ್ಲಿ ನೀರು ಬಿದ್ದರೆ ರಾತ್ರಿ ಮಲಗಲಾಗದೆ ದಮ್ಮು ಕಟ್ಟುತ್ತೆ. ಹೃದಯದ ಬಲ ಕಡಿಮೆ ಅಂತ ಸಮ್ಮರಿಯಲ್ಲಿ ಬರೆದಿದ್ದರೆ, ಬಾಟ್ಲಿ ಹಾಕುವವರಿಗೆ ಮೊದಲು ಆ ಕಾಗದ ತೋರಿಸಿ. ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ನೀರು, ಮಾಂಸವಲ್ಲ. ಆಗ ಎನ್‌ಟಿ ಪ್ರೋ ಬಿಎನ್‌ಪಿ ಮಾಡಿಸಿ ಅಂತಾರೆ. ಹಿಂದೆ ಮಾಡಿಸಿದ್ದೂ ಅದೇನಾ ನೋಡಿ. ಬರೀ ಬಿಎನ್‌ಪಿ ಬೇರೆ, ಎನ್‌ಟಿ ಪ್ರೋ ಬೇರೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸೋ ಹಾಗಿಲ್ಲ. ಆದಷ್ಟು ಒಂದೇ ಲ್ಯಾಬಿಗೆ ಹೋಗಿ. ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು: ಆಪರೇಷನ್ನಿನಲ್ಲಿ ರಕ್ತ ಏರಿಸಿದ್ದರೆ ಮೂರು ತಿಂಗಳವರೆಗೆ ಸಕ್ಕರೆಯ ಸರಾಸರಿ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆ ಸುಳ್ಳು ಹೇಳಬಹುದು. ರಕ್ತ ಏರಿಸಿದ್ದರಾ ಅನ್ನೋದು ಎಲ್ಲಿ ಬರೆದಿರುತ್ತೆ? ಮತ್ತೆ ಅದೇ ಹಾಳೆಯಲ್ಲಿ.

ಈಗ ಮಾಡಬೇಕಾದ್ದು. ಮಕ್ಕಳ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಈಸ್ಕೊಳ್ಳಿ. ಮೊದಲ ಪುಟದಲ್ಲಿ ಆಪರೇಷನ್ ತಾರೀಖು, ಯಾವ ಆಪರೇಷನ್ನು, ಯಾವ ವಾಲ್ವು, ಐಎನ್‌ಆರ್ ಎಷ್ಟಿರಬೇಕು. ಎರಡನೇ ಪುಟದಿಂದ ಅಡ್ಡ ಗೆರೆ ಎಳೆದು ತಾರೀಖು, ತೂಕ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಐಎನ್‌ಆರ್. ಶಾಲೆಗೆ ಹೋಗೋ ಮೊಮ್ಮಗಳು ಬರೆದುಕೊಡ್ತಾಳೆ. ಇಸಿಜಿ ಹಾಳೆಯ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತೆ, ಅದನ್ನು ಇವತ್ತೇ ಜೆರಾಕ್ಸ್ ಮಾಡಿಸಿ. ಮೊಬೈಲಿನಲ್ಲಿ ಫೋಟೋ ಹೊಡೆಯೋವಾಗ ಹೆಸರು, ತಾರೀಖು ಇರೋ ಮೇಲಿನ ಭಾಗ ಬಿಟ್ಟುಬಿಡ್ತೀರಿ, ಅದು ಬರಲೇಬೇಕು. ಒಂದು ಪ್ರತಿ ಊರಲ್ಲಿ, ಒಂದು ಪ್ರತಿ ಬೆಂಗಳೂರಿನ ಮಗನ ಹತ್ತಿರ. ಮಂದೆ ಹೊಡ್ಕೊಂಡು ದೂರ ಹೋಗೋರು ಒಂದನ್ನು ಜೊತೇಲೇ ಇಟ್ಟುಕೊಳ್ಳಿ.

ಕಳೆದೇ ಹೋಗಿದೆ ಅನ್ನುವವರು ಸುಮ್ಮನೆ ಕೂರಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ರೆಕಾರ್ಡ್ ವಿಭಾಗ ಅಂತ ಇರುತ್ತೆ. ಗುರುತಿನ ಚೀಟಿ ತಗೊಂಡು, ಆಸ್ಪತ್ರೆ ನಂಬರ್ ನೆನಪಿದ್ದರೆ ಅದನ್ನೂ ಬರೆದು, ನಕಲು ಬೇಕು ಅಂತ ಅರ್ಜಿ ಕೊಡಿ. 2002ರ ವೈದ್ಯಕೀಯ ನಡವಳಿಕೆ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಆದರೆ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಅಂತ ಮಾತ್ರ ಆ ನಿಯಮ ಹೇಳೋದು. ಆಪರೇಷನ್ ಆಗಿ ಎರಡು, ಎರಡೂವರೆ ವರ್ಷ ಆದವರು ಶೇಂಗಾ ಕಿತ್ತ ಮೇಲೆ ಹೋಗೋಣ ಅಂತ ಮುಂದೂಡಬೇಡಿ, ಈ ವಾರವೇ ಹೋಗಿ.