‘ಓಪನ್’ ಎಂಬ ಒಂದು ಪದ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇಂಗ್ಲಿಷ್ ಎಂದರೆ ಅಂಜಿಕೆ ಇರುವುದು ನಮ್ಮ ಹಳ್ಳಿಯ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಡಿ. ಚೀನಾ ಸರ್ಕಾರ 2001ರಲ್ಲಿ 3ನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ನಿರ್ಧಾರ ಮಾಡಿತು. ಅಲ್ಲಿನ ಮಕ್ಕಳೂ ನಮ್ಮವರಂತೆಯೇ ತಡವರಿಸುತ್ತಾರೆ. ಅವರನ್ನು ಕಾಡುವ ‘ಓಪನ್’ ಎಂಬ ಚಿಕ್ಕ ಪದದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಓಪನ್ ಎಂದರೆ ತೆರೆ. ಚೀನೀ ಭಾಷೆಯಲ್ಲಿ ಇದಕ್ಕೆ ‘ಖಾಯ್’ ಎನ್ನುತ್ತಾರೆ. ಆದರೆ ಬಾಗಿಲು ತೆರೆಯುವುದಕ್ಕೂ, ದೀಪ ಹೊತ್ತಿಸುವುದಕ್ಕೂ, ಕಾರು ಓಡಿಸುವುದಕ್ಕೂ, ಸಭೆ ನಡೆಸುವುದಕ್ಕೂ, ಹೂವು ಅರಳುವುದಕ್ಕೂ ಅವರಲ್ಲಿ ಅದೇ ‘ಖಾಯ್’. ಹಾಗಾಗಿ ಅಲ್ಲಿನ ಮಗು ‘ಓಪನ್ ದ ಲೈಟ್’ ಎಂದುಬಿಡುತ್ತದೆ. ಇಂಗ್ಲಿಷಿನಲ್ಲಿ ದೀಪಕ್ಕೆ ‘ಟರ್ನ್ ಆನ್’, ಕಾರಿಗೆ ‘ಡ್ರೈವ್’ ಎನ್ನಬೇಕು.

ಇಂಗ್ಲಿಷೇನೂ ನೆಟ್ಟಗಿಲ್ಲ. ಅಂಗಡಿ ತೆರೆದಿದ್ದರೆ ‘ದ ಶಾಪ್ ಈಸ್ ಓಪನ್’. ಮುಚ್ಚಿದ್ದರೆ ‘ಕ್ಲೋಸ್’ ಎಂದರೆ ಸಾಲದು, ‘ಕ್ಲೋಸ್ಡ್’ ಎನ್ನಬೇಕು. ಚೀನೀ ಕ್ರಿಯಾಪದಗಳು ಹೀಗೆ ರೂಪ ಬದಲಿಸುವುದಿಲ್ಲ. ಆದ್ದರಿಂದ ಅವರಿಗೆ ಇದು ಇನ್ನೊಂದು ತೊಡಕು.

ನಗುವ ಮೊದಲು ನಮ್ಮ ‘ಹಾಕು’ ಪದವನ್ನು ನೋಡಿ. ಲೈಟ್ ಹಾಕು ಎಂದರೆ ಹೊತ್ತಿಸು, ಬಾಗಿಲು ಹಾಕು ಎಂದರೆ ಮುಚ್ಚು. ಅಂಗಿ ಹಾಕು, ವೋಟು ಹಾಕು, ಗಿಡಕ್ಕೆ ನೀರು ಹಾಕು. ನಮ್ಮ ಹುಡುಗ ‘ಪುಟ್ ದ ಲೈಟ್’ ಎಂದರೆ ಅವನು ದಡ್ಡನಲ್ಲ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದ್ದಾನೆ, ಅಷ್ಟೆ. ಚೀನಾದ ಮಗು ಮಾಡುವುದೂ ಅದನ್ನೇ.

ಮಕ್ಕಳೇ, ಪದವನ್ನು ಒಂಟಿಯಾಗಿ ಉರುಹೊಡೆಯಬೇಡಿ. ಜೊತೆಯ ಪದದ ಸಮೇತ ಬರೆದುಕೊಳ್ಳಿ: ಓಪನ್ ದ ಡೋರ್, ಟರ್ನ್ ಆನ್ ದ ಲೈಟ್, ಡ್ರೈವ್ ದ ಕಾರ್. ದಿನಕ್ಕೆ ಮೂರು ಬರೆದರೆ ಸಾಕು, ವರ್ಷಕ್ಕೆ ಸಾವಿರದ ಮೇಲಾಯಿತು.

ಗುರುಗಳಲ್ಲಿ ಒಂದು ವಿನಂತಿ. ಮಗು ತಪ್ಪಿದಾಗ, ‘ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀಯಪ್ಪಾ?’ ಎಂದು ಕೇಳಿ. ತಪ್ಪಿನ ಮೂಲ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಇ. ಸೇರಿದ ನನ್ನಂಥ ಅನೇಕರು ಉತ್ತರ ಗೊತ್ತಿದ್ದೂ ತರಗತಿಯಲ್ಲಿ ಸುಮ್ಮನೆ ಕುಳಿತದ್ದು ಬುದ್ಧಿ ಕಡಿಮೆಯಾಗಿ ಅಲ್ಲ, ಯಾರಾದರೂ ನಕ್ಕಾರು ಎಂಬ ಅಂಜಿಕೆಯಿಂದ. ಒಮ್ಮೆ ನಗೆಪಾಟಲಾದ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ. ಬಾಯಿ ತೆರೆಯದೆ ಯಾವ ಭಾಷೆಯೂ ಬರುವುದಿಲ್ಲ.

ನಮ್ಮ ಶಾಲೆಯಲ್ಲಿ ತಪ್ಪು ಮಾತಾಡಲೂ ಮಕ್ಕಳಿಗೆ ಧೈರ್ಯವಿರಲಿ. ಈ ಶಾಲೆ ಶತಮಾನೋತ್ಸವ ಕಾಣಲಿ ಎಂದು ಹಾರೈಸುತ್ತೇನೆ. ಜೈ ಹಿಂದ್, ಜೈ ಕರ್ನಾಟಕ.